ಚಾಚಿದ ಕೈಗೆ ಕೇಳಿದ ಪ್ರಶ್ನೆ



ಈ ಮಾತನ್ನು ಒಂದು ಶವಯಾತ್ರೆಯಿಂದ ತೊಡಗಬೇಕಾಗಿ ಬಂದಿದೆ, ಕ್ಷಮೆಯಿರಲಿ. ಕಾಲ, 15ನೆಯ ಶತಮಾನ. ದೇಶ, ಯೂರೋಪು. ಪಟ್ಟಣ ಯಾವುದಾದರೂ ಆಗಬಹುದು. ಸಿರಿವಂತನಾದ ಒಬ್ಬ ವರ್ತಕನು ತೀರಿಕೊಂಡಿದ್ದಾನೆ. ಇಗರ್ಜಿಯ ಗಂಟೆ ಬಿಟ್ಟು ಬಿಟ್ಟು ಮೊಳಗುತ್ತಿದೆ. ಶವಪೆಟ್ಟಿಗೆಯ ಇಕ್ಕೆಲಗಳಲ್ಲಿ ಉರಿಯುವ ಮೇಣದ ಬತ್ತಿಗಳನ್ನು ಹಿಡಿದು ಹತ್ತು ಹನ್ನೆರಡು ಮಂದಿ ನಡೆಯುತ್ತಿದ್ದಾರೆ. ಮೈಮೇಲೆ ಹೊಸ ನಿಲುವಂಗಿ. ಅಂಗಿಯ ಕೆಳಗೆ ಬಿರುಕುಬಿಟ್ಟ ಬರಿಗಾಲು. ಅವರು ಸತ್ತವನ ಬಂಧುಗಳಲ್ಲ, ವ್ಯಾಪಾರದ ಪಾಲುಗಾರರೂ ಅಲ್ಲ. ನಿನ್ನೆಯವರೆಗೆ ಇಗರ್ಜಿಯ ಮೆಟ್ಟಿಲ ಮೇಲೆ ಕೈಚಾಚಿ ಕುಳಿತಿದ್ದ ಭಿಕ್ಷುಕರು. ಅಂಗಿಯ ಬಟ್ಟೆ, ಕೈಯ ಬತ್ತಿ, ಯಾತ್ರೆ ಮುಗಿದ ಮೇಲೆ ದೊರೆಯಲಿರುವ ರೊಟ್ಟಿ ಮತ್ತು ಬಿಡಿಗಾಸು, ಇವೆಲ್ಲಕ್ಕೂ ಸತ್ತವನೇ ತನ್ನ ಉಯಿಲಿನಲ್ಲಿ ಏರ್ಪಾಡು ಬರೆಸಿಟ್ಟು ಹೋಗಿದ್ದಾನೆ.

ಏಕೆ ಬರೆಸಿದ? ಬಡವನ ಪ್ರಾರ್ಥನೆ ದೇವರ ಕಿವಿಗೆ ಬೇಗ ಮುಟ್ಟುವುದೆಂದು ಆ ಕಾಲದ ಕ್ರೈಸ್ತಲೋಕ ನಂಬಿತ್ತು. ಸತ್ತ ಜೀವವು ಸ್ವರ್ಗವನ್ನು ಸೇರುವ ಮೊದಲು ಶುದ್ಧೀಕರಣದ ಬೆಂಕಿಯಲ್ಲಿ ಬೇಯಬೇಕು. ಆ ಬೇಯುವ ಕಾಲವನ್ನು ಮೊಟಕುಗೊಳಿಸುವ ಶಕ್ತಿ ಬದುಕಿರುವವರ ಪ್ರಾರ್ಥನೆಗೆ ಉಂಟು. ಬದುಕಿರುವವರಲ್ಲಿ ಬಡವನೇ ಕ್ರಿಸ್ತನಿಗೆ ಹತ್ತಿರದವನು. ಬೈಬಲ್ಲಿನ ಲಾಜರನ ಕಥೆಯನ್ನು ಅಂದಿನ ಮಕ್ಕಳೂ ಬಲ್ಲರು. ಸಿರಿವಂತನ ಹೊಸ್ತಿಲಲ್ಲಿ ಹುಣ್ಣುಮೈಯಿಂದ ಬಿದ್ದಿದ್ದ ಲಾಜರನು ಸತ್ತು ಅಬ್ರಹಾಮನ ಮಡಿಲನ್ನು ಸೇರುತ್ತಾನೆ. ಒಳಗೆ ಉಣ್ಣುತ್ತಿದ್ದ ಸಿರಿವಂತನು ನರಕದಿಂದ ಒಂದು ಹನಿ ನೀರಿಗಾಗಿ ಅಬ್ರಹಾಮನನ್ನು ಅಂಗಲಾಚುತ್ತಾನೆ. 13ನೆಯ ಶತಮಾನದ ಆದಿಯಲ್ಲಿ ಅಸ್ಸೀಸಿಯ ಬಟ್ಟೆವ್ಯಾಪಾರಿಯ ಮಗನಾದ ಫ್ರಾನ್ಸಿಸ್ ಎಂಬುವನು ತಂದೆಯ ಸಿರಿಯನ್ನೆಲ್ಲ ಕಳಚಿಟ್ಟು, ದಾರಿದ್ರ್ಯವನ್ನೇ ವಧುವೆಂದು ವರಿಸಿ ತಿರಿದುಣ್ಣಹೊರಟ ಮೇಲಂತೂ, ಚಾಚಿದ ಕೈಗೆ ಒಂದು ಬಗೆಯ ಪಾವಿತ್ರ್ಯವೇ ಬಂದಿತು.

ಎಂದರೆ, ಕೊಡುವವನಿಗೆ ಕೊಳ್ಳುವವನು ಬೇಕಾಗಿದ್ದ. ಅದೊಂದು ವಿನಿಮಯ. ರೊಟ್ಟಿ ಈ ಕಡೆಯಿಂದ, ಪ್ರಾರ್ಥನೆ ಆ ಕಡೆಯಿಂದ. ಯಾರಿಗೆ ಮೊದಲು ಕೊಡಬೇಕು, ಯಾರಿಗೆ ಆಮೇಲೆ ಎಂದು ಧರ್ಮಶಾಸ್ತ್ರಜ್ಞರು ಚರ್ಚಿಸಿದ್ದುಂಟು. ಆದರೆ ಬಾಗಿಲಲ್ಲಿ ತುಂಡುರೊಟ್ಟಿ ಹಿಡಿದು ನಿಂತ ಗೃಹಿಣಿಯು ಆ ಚರ್ಚೆಯನ್ನು ಓದಿದವಳಲ್ಲ. ಆಕೆ ಬಂದ ಕೈಯನ್ನು ಏನನ್ನೂ ಕೇಳುತ್ತಿರಲಿಲ್ಲ. ಇದನ್ನು ಸತ್ಯಯುಗವೆಂದು ಮಾತ್ರ ಯಾರೂ ಭಾವಿಸಬೇಡಿ. ಪವಿತ್ರ ಗುರುವಾರದಂದು ರಾಜನೇ ಬಾಗಿ ಹನ್ನೆರಡು ಬಡವರ ಪಾದಗಳನ್ನು ತೊಳೆಯುವನು. ಶುಕ್ರವಾರ ಆ ಹನ್ನೆರಡು ಮಂದಿ ಎಲ್ಲಿ ಉಂಡರೆಂದು ಅರಮನೆ ವಿಚಾರಿಸದು.

ಈ ಹಳೆಯ ಒಪ್ಪಂದವನ್ನು ಕಣ್ಣಾರೆ ಕಾಣಬಯಸುವವರು ಜರ್ಮನಿಯ ಆಗ್ಸ್‌ಬರ್ಗ್ ನಗರಕ್ಕೆ ಹೋಗಬಹುದು. ಚಕ್ರವರ್ತಿಯ ಆಯ್ಕೆಗೇ ಸಾಲ ಕೊಟ್ಟ ಯಾಕೋಬ್ ಫುಗ್ಗರ್ ಎಂಬ ಸಾಹುಕಾರನು 1521ರ ಶಾಸನಪತ್ರದಿಂದ ಅಲ್ಲಿ ಬಡವರಿಗಾಗಿ ಒಂದು ಕೇರಿಯನ್ನೇ ಸ್ಥಾಪಿಸಿದನು. ಸಾಲು ಹಿಡಿದು ನಿಂತ ಸುಮಾರು 50 ಮನೆ, ಸುತ್ತ ಗೋಡೆ, ಬಾಗಿಲು. ವರ್ಷಕ್ಕೆ ಬಾಡಿಗೆ ಒಂದು ಗುಲ್ಡನ್, ಮತ್ತು ದಿನಕ್ಕೆ ಮೂರು ಪ್ರಾರ್ಥನೆ, ದಾನಿಯ ಆತ್ಮಕ್ಕಾಗಿ. 1944ರ ಬಾಂಬು ದಾಳಿಯಲ್ಲಿ ಕೆಡೆದ ಆ ಮನೆಗಳನ್ನು ಮತ್ತೆ ಕಟ್ಟಿ ಅದೇ ಕರಾರಿನ ಮೇಲೆ ಬಾಡಿಗೆಗೆ ಕೊಡುತ್ತ ಬಂದಿದ್ದಾರೆ. ಪ್ರಾರ್ಥನೆಯ ಕರಾರು ಹಳೆಯದೇ. ಆದರೆ ಬಾಗಿಲಲ್ಲಿ ಒಂದು ಹೊಸ ಪ್ರಶ್ನೆಯೂ ನಿಂತಿತ್ತು. ಒಳಗೆ ಬರುವವನು ಆ ಊರಿನವನೇ ಆಗಿರಬೇಕು. ಬಡವನಾಗಿರಬೇಕು, ಭಿಕ್ಷೆ ಬೇಡುವವನಾಗಿರಕೂಡದು. ಬಡತನ ಬೇರೆ, ಭಿಕ್ಷೆ ಬೇರೆ. ಈ ಭೇದವನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದಿನ 300 ವರ್ಷಗಳ ಕಥೆಯೆಲ್ಲ ಈ ಬಿರುಕಿನಿಂದ ಹೊರಡುತ್ತದೆ.

ಇಷ್ಟು ಹೊತ್ತು ನಾವು ಕಂಡುದೇನು? ಏನನ್ನೂ ಕೇಳದೆ ಕೊಡುತ್ತಿದ್ದ ಕೈಯನ್ನು. ಇನ್ನು ಆ ಕೈ ತಡೆದು ನಿಂತು ಪ್ರಶ್ನೆ ಕೇಳತೊಡಗಿದ ಕಾಲಕ್ಕೆ ಬರೋಣ.

ಆ ಕಾಲ 1520ರ ಆಚೀಚೆ. ಪ್ಲೇಗಿನ ಮಾರಿಯಿಂದ ಬರಿದಾಗಿದ್ದ ಹಳ್ಳಿಗಳು ಮತ್ತೆ ತುಂಬಿದ್ದವು. ಬಾಯಿ ಹೆಚ್ಚಿತು, ನೆಲ ಹೆಚ್ಚಲಿಲ್ಲ. ಆ ಒಂದು ಶತಮಾನದಲ್ಲಿ ಧಾನ್ಯದ ಬೆಲೆ ಹಲವು ಕಡೆ ನಾಲ್ಕೈದು ಪಟ್ಟು ಏರಿತು. ಕೂಲಿಯು ಅದರ ಹಿಂದೆ ಕುಂಟುತ್ತ ಬಂದು ಎಂದೂ ಅದನ್ನು ಹಿಡಿಯಲಿಲ್ಲ. ಇಂಗ್ಲೆಂಡಿನಲ್ಲಿ ಉಣ್ಣೆಯ ಲಾಭಕ್ಕಾಗಿ ಭೂಮಾಲಿಕರು ಉಳುವ ನೆಲಕ್ಕೆ ಬೇಲಿ ಹಾಕಿ ಕುರಿ ಬಿಟ್ಟರು. ಸಾಧುಪ್ರಾಣಿಯಾದ ಕುರಿಯೇ ಮನುಷ್ಯರನ್ನು ತಿನ್ನತೊಡಗಿತೆಂದು ಥಾಮಸ್ ಮೋರ್ 1516ರ ತನ್ನ ‘ಯುಟೋಪಿಯಾ’ದಲ್ಲಿ ಹಳಿದನು. ಕೆಲಸ ಮುಗಿಸಿದ ಸಿಪಾಯಿ, ನೆಲ ಕಳೆದುಕೊಂಡ ಒಕ್ಕಲು, ಯಜಮಾನ ಸತ್ತ ಆಳು, ಗಂಡ ಬಿಟ್ಟ ಹೆಂಗಸು, ಎಲ್ಲರೂ ದಾರಿ ಹಿಡಿದರು. ಎಲ್ಲ ದಾರಿಗಳೂ ಪಟ್ಟಣಕ್ಕೆ ಹೋಗುತ್ತವೆ. 1531ರ ಬರದಲ್ಲಿ ಫ್ರಾನ್ಸಿನ ಲಿಯೋನ್ ನಗರಕ್ಕೆ ಹಸಿದ ಹಳ್ಳಿಗರು ಹಿಂಡುಹಿಂಡಾಗಿ ಬಂದಿಳಿದರು. ಎರಡು ವರ್ಷ ಮುಂಚೆಯಷ್ಟೇ ಅಲ್ಲಿ ರೊಟ್ಟಿಯ ಬೆಲೆಗಾಗಿ ದೊಂಬಿಯೆದ್ದು ಕಣಜಗಳು ಲೂಟಿಯಾಗಿದ್ದವು. ಆದುದರಿಂದ ಈ ಬಾರಿ ಊರ ಹಿರಿಯರಿಗೆ ಕರುಣೆಯೂ ಉಂಟಾಯಿತು, ಭಯವೂ ಉಂಟಾಯಿತು. ಎರಡರಲ್ಲಿ ಯಾವುದು ಹೆಚ್ಚೆಂದು ತೂಗಿ ಹೇಳಬಲ್ಲ ತಕ್ಕಡಿ ನನ್ನಲ್ಲಿಲ್ಲ. ಆ ಬರದ ಏರ್ಪಾಡೇ 1534ರಲ್ಲಿ ಸ್ಥಿರಸಂಸ್ಥೆಯಾಗಿ, ಊರಿನ ದಾನವೆಲ್ಲ ಒಂದೇ ಪೆಟ್ಟಿಗೆಗೆ ಬಿದ್ದು, ಪಟ್ಟಿಯಲ್ಲಿ ಹೆಸರಿದ್ದವರಿಗೆ ವಾರಕ್ಕೊಮ್ಮೆ ರೊಟ್ಟಿ ಹಂಚುವ ಪದ್ಧತಿ ನೆಲೆಗೊಂಡಿತು. ಪಟ್ಟಿಯಲ್ಲಿ ಹೆಸರಿಲ್ಲದವರು ಊರು ಬಿಡಬೇಕು.

ಪಟ್ಟಿ, ಪೆಟ್ಟಿಗೆ, ನಿಷೇಧ. ನ್ಯೂರೆಂಬರ್ಗಿನಲ್ಲಿ 1522, ಸ್ಟ್ರಾಸ್‌ಬರ್ಗಿನಲ್ಲಿ 1523, ಫ್ಲಾಂಡರ್ಸಿನ ಈಪ್ರ್ ಎಂಬ ನೇಕಾರರ ಊರಿನಲ್ಲಿ 1525, ವೆನಿಸ್ಸಿನಲ್ಲಿ 1528. ಇಷ್ಟು ಹತ್ತಿರ ಹತ್ತಿರದ ವರ್ಷಗಳಲ್ಲಿ ಇಷ್ಟು ದೂರ ದೂರದ ಊರುಗಳು ಒಂದೇ ಬಗೆಯ ಕಾನೂನು ಮಾಡಿದವು. ಇದು ಲೂಥರನ ಹೊಸ ಮತದ ಫಲವೆಂದು ಕೆಲವರು ಹೇಳುವುದುಂಟು. ಪೂರ್ತಿ ನಿಜವಲ್ಲ. ಈಪ್ರ್, ಲಿಯೋನ್, ವೆನಿಸ್ ಮೂರೂ ಹಳೆಯ ಕ್ಯಾಥೊಲಿಕ್ ಮತಕ್ಕೆ ಸೇರಿದ ಪಟ್ಟಣಗಳು. ಲೂಥರನ ಮತವು ಶುದ್ಧೀಕರಣದ ಬೆಂಕಿಯನ್ನು ಆರಿಸಿತೆಂಬುದೂ, ಅದರೊಡನೆ ಬಡವನ ಪ್ರಾರ್ಥನೆಗೆ ಇದ್ದ ಬೆಲೆಯೂ ಬಿದ್ದುಹೋಯಿತೆಂಬುದೂ ದಿಟ. ಆದರೆ ಬೆಂಕಿ ಉರಿಯುತ್ತಲೇ ಇದ್ದ ಊರುಗಳಲ್ಲಿಯೂ ಪ್ರಶ್ನೆ ಅದೇ ಆಗಿತ್ತು. ನೀನು ಯಾರು? ಎಲ್ಲಿಯವನು? ದುಡಿಯಬಲ್ಲೆಯಾ?

ಈ ಮೂರು ಪ್ರಶ್ನೆಗಳಿಗೆ ಶಾಸ್ತ್ರದ ರೂಪವನ್ನು ಕೊಟ್ಟವನು ಹ್ವಾನ್ ಲೂಯಿಸ್ ವಿವೆಸ್. ಸ್ಪೇನಿನ ವಲೆನ್ಸಿಯಾದಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಓದಿ, ಫ್ಲಾಂಡರ್ಸಿನ ಬ್ರೂಜ್ ನಗರದಲ್ಲಿ ನೆಲೆಸಿದ ಪಂಡಿತನು. ಆ ಕಾಲದ ಮಹಾಪಂಡಿತ ಎರಾಸ್ಮಸ್ಸನಿಗೂ ‘ಯುಟೋಪಿಯಾ’ದ ಮೋರನಿಗೂ ಸ್ನೇಹಿತನು. 1526ರಲ್ಲಿ ಬಡವರ ನೆರವನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಒಂದು ಗ್ರಂಥವನ್ನು ಬರೆದು ಬ್ರೂಜ್ ನಗರಸಭೆಗೆ ಅರ್ಪಿಸಿದನು. ಅವನ ಯೋಜನೆಯನ್ನು ಸ್ಥೂಲವಾಗಿ ಹೇಳುತ್ತೇನೆ. ನಗರಸಭೆಯವರು ಇಬ್ಬಿಬ್ಬರಾಗಿ, ಬರೆದುಕೊಳ್ಳುವವನೊಬ್ಬನನ್ನು ಜೊತೆಗೆ ಕರೆದುಕೊಂಡು ಕೇರಿಕೇರಿಗೆ ಹೋಗಬೇಕು. ಮನೆಯೊಳಗೆ ಮುಚ್ಚಿಕೊಂಡ ಬಡತನವನ್ನೂ ಬರೆದುಕೊಳ್ಳಬೇಕು. ಮಕ್ಕಳೆಷ್ಟು, ಬದುಕುವ ಬಗೆ ಹೇಗೆ, ಈ ಗತಿ ಏಕೆ ಬಂದಿತು. ಕೈಕಾಲು ಗಟ್ಟಿಯಿದ್ದವರಿಗೆ ಕಸುಬು ಕಲಿಸಬೇಕು. ಕುರುಡರನ್ನೂ ಸುಮ್ಮನೆ ಕೂರಿಸಕೂಡದು. ಹಾಡಬಲ್ಲವನು ಹಾಡಲಿ, ವಾದ್ಯ ನುಡಿಸಬಲ್ಲವನು ನುಡಿಸಲಿ, ಉಳಿದವರು ಚಕ್ರ ತಿರುವಲಿ, ಬುಟ್ಟಿ ಹೆಣೆಯಲಿ. ಹುಡುಗರು ಶಾಲೆಗೆ ಹೋಗಲಿ. ಪರವೂರಿನವರಿಗೆ ದಾರಿಖರ್ಚು ಕೊಟ್ಟು ಹಿಂದಕ್ಕೆ ಕಳುಹಿಸಬೇಕು. ಆದರೆ ಯುದ್ಧದಲ್ಲಿ ಸುಟ್ಟ ಹಳ್ಳಿಯಿಂದ ಬಂದವರನ್ನು ಹಾಗೆ ಅಟ್ಟಕೂಡದು, ಅವರನ್ನು ನಮ್ಮವರೆಂದೇ ಎಣಿಸಬೇಕು. ಜೂಜಿನಲ್ಲಿ ಕಳೆದುಕೊಂಡವನಿಗೂ ಅನ್ನ ಹಾಕಬೇಕು. ಕೆಲಸ ಮಾತ್ರ ಸ್ವಲ್ಪ ಹೆಚ್ಚು, ಊಟ ಸ್ವಲ್ಪ ಕಡಿಮೆ.

ಈ ಪುಸ್ತಕವನ್ನು ನಿಷ್ಠುರವೆಂದು ತಳ್ಳಿಹಾಕುವುದು ಸುಲಭ. ನನಗೆ ಹಾಗೆ ಮಾಡಲು ಮನಸ್ಸಾಗದು. ಹಸಿವನ್ನು ದೈವೇಚ್ಛೆಯೆಂದು ಒಪ್ಪಿಕೊಳ್ಳದೆ, ಊರು ಮನಸ್ಸು ಮಾಡಿದರೆ ನೀಗಬಹುದಾದ ಕೇಡೆಂದು ಎಣಿಸಿದ ಧೈರ್ಯ ಅದರಲ್ಲಿದೆ. ಆದರೆ ಇನ್ನೊಂದು ಸಂಗತಿ ನನ್ನನ್ನು ಬಿಡದೆ ಕಾಡುತ್ತದೆ. ವಿವೆಸನ ವಂಶದವರು ಯೆಹೂದ್ಯ ಮತದಿಂದ ಕ್ರೈಸ್ತ ಮತಕ್ಕೆ ಬಂದವರು. ಗುಟ್ಟಾಗಿ ಹಳೆಯ ಆಚಾರವನ್ನೇ ನಡೆಸುತ್ತಿದ್ದಾರೆಂದು ಸ್ಪೇನಿನ ಮತವಿಚಾರಣೆಯ ಪೀಠವು ಅವರನ್ನು ಬೆನ್ನುಹತ್ತಿತು. ಗ್ರಂಥ ಹೊರಬರುವ ಎರಡು ವರ್ಷ ಮುಂಚೆ, 1524ರಲ್ಲಿ, ಅವನ ತಂದೆಯನ್ನು ಸುಟ್ಟರು. ಗ್ರಂಥ ಬಂದ ಕೆಲವು ವರ್ಷಗಳಲ್ಲಿಯೇ, ಎಂದೋ ಸತ್ತಿದ್ದ ತಾಯಿಯ ಎಲುಬುಗಳನ್ನು ಅಗೆದು ತೆಗೆದು ಸುಟ್ಟರು. ನೀನು ಯಾರು, ನಿನ್ನ ಮನೆಯೊಳಗೆ ಏನು ನಡೆಯುತ್ತದೆ ಎಂಬ ಪ್ರಶ್ನೆ ಯಾವ ಬಾಗಿಲಿನವರೆಗೆ ಒಯ್ಯಬಲ್ಲುದೆಂದು ವಿವೆಸನಷ್ಟು ಬಲ್ಲವರು ಬ್ರೂಜಿನಲ್ಲಿ ಇನ್ನಾರೂ ಇದ್ದಿರಲಾರರು. ಆದರೂ ಅವನು ಬಡವನ ಮನೆಯ ಬಾಗಿಲಿಗೆ ಬರೆದುಕೊಳ್ಳುವವನೊಬ್ಬನನ್ನು ಕಳುಹಿಸಿದನು. ಇದು ವಿಸ್ಮರಣವೋ, ಒಳ್ಳೆಯ ವಿಚಾರಣೆಯೂ ಲೋಕದಲ್ಲಿ ಸಾಧ್ಯವೆಂದು ತೋರಿಸುವ ಹಟವೋ?

ಪ್ರಶ್ನೆ ಹುಟ್ಟಿದ ಬಗೆಯನ್ನು ಕೇಳಿದಿರಿ. ಪ್ರಶ್ನೆಗೇ ಪ್ರಶ್ನೆ ಹಾಕಿದವರೂ ಇದ್ದರು. ಈಗ ಅವರ ಮಾತನ್ನು ಕೇಳಬೇಕು.

ಭಿಕ್ಷೆಯಿಂದಲೇ ಬದುಕುವ ವ್ರತವುಳ್ಳ ಸನ್ಯಾಸಿಗಳು ಈಪ್ರ್ ಊರಿನ ಕಾನೂನಿನ ಮೇಲೆ ದೂರಿತ್ತರು. ವ್ಯಾಜ್ಯ ಪ್ಯಾರಿಸ್ಸಿನ ಸಾರ್ಬಾನ್ ವಿದ್ಯಾಪೀಠದ ಪಂಡಿತರ ಮುಂದೆ ಹೋಯಿತು. 1531ರಲ್ಲಿ ಅವರು ಕಾನೂನನ್ನು ಒಪ್ಪಿದರು, ಕೆಲವು ಕರಾರುಗಳನ್ನೂ ಹಾಕಿದರು: ಪೆಟ್ಟಿಗೆಯ ಹಣ ಎಲ್ಲರಿಗೂ ಸಾಲದೆ ಹೋದರೆ ಭಿಕ್ಷೆಯನ್ನು ತಡೆಯಕೂಡದು, ತಾನಾಗಿ ಕೊಡುವವನ ಕೈಯನ್ನು ಹಿಡಿಯಕೂಡದು. ನ್ಯಾಯ ಹೇಳಿದವರು ಬುದ್ಧಿವಂತರು. ಪೆಟ್ಟಿಗೆ ಎಲ್ಲಿಯೂ ಎಲ್ಲರಿಗೂ ಸಾಲುವುದಿಲ್ಲವೆಂಬುದು ಅವರಿಗೆ ತಿಳಿದಿದ್ದಿರಬೇಕು.

ಇದಕ್ಕಿಂತ ದೊಡ್ಡ ವಾದ 1545ರಲ್ಲಿ ಸ್ಪೇನಿನ ಸಾಲಮಾಂಕಾದಲ್ಲಿ ನಡೆಯಿತು. ಅಲ್ಲಿಯ ವಿಶ್ವವಿದ್ಯಾಲಯದ ಆಚಾರ್ಯನಾದ ದೊಮಿಂಗೊ ದೆ ಸೋತೊ ಎಂಬ ಸನ್ಯಾಸಿಯು ಬಡವರ ಪರವಾಗಿ ಒಂದು ಗ್ರಂಥವನ್ನು ಬರೆದು, ಲ್ಯಾಟಿನ್ ಬಲ್ಲವರಿಗೂ ಬಾರದವರಿಗೂ ಮುಟ್ಟಲೆಂದು ಎರಡು ಭಾಷೆಗಳಲ್ಲಿ ಅಚ್ಚು ಹಾಕಿಸಿದನು. ಅವನ ವಾದಸರಣಿಯನ್ನು ನನ್ನ ಮಾತಿನಲ್ಲಿ ಸಂಗ್ರಹಿಸುತ್ತೇನೆ. ಅಪರಾಧ ಮಾಡದವನನ್ನು ಊರಿನಿಂದ ಹೊರಗಟ್ಟುವ ಅಧಿಕಾರ ಯಾರಿಗೂ ಇಲ್ಲ, ಬಡತನ ಅಪರಾಧವಲ್ಲ. ಒಂದು ರಾಜ್ಯವೆಂದರೆ ಒಂದು ಶರೀರ. ಬರಡು ಸೀಮೆಯವನು ಸಮೃದ್ಧ ಸೀಮೆಗೆ ಹೋಗಿ ಬೇಡುವುದು ಅವನ ಹಕ್ಕು. ಕಪಟಿಗಳುಂಟೆಂದು ಎಲ್ಲರನ್ನೂ ಜರಡಿ ಹಿಡಿಯುವವರು, ಸಿರಿವಂತರ ಕಪಟವನ್ನು ಹಿಡಿಯಲು ಅಷ್ಟೇ ಕಣ್ಣಿನ ಜರಡಿಯನ್ನು ಎಂದಾದರೂ ತಂದರೇ? ಭಿಕ್ಷುಕನು ಕದಿಯುವುದು ಒಂದು ತುಂಡು ರೊಟ್ಟಿಯನ್ನು. ಇನ್ನೊಂದು ಮಾತು. ಬಡವರನ್ನು ಗೋಡೆಯ ಹಿಂದೆ ಕೂಡಿಹಾಕಿದರೆ ಜನ ಅವರನ್ನು ಕಾಣರು. ಕಾಣದವರ ಮೇಲೆ ಕರುಣೆ ಎಲ್ಲಿಂದ ಬಂದೀತು?

ಅದೇ ವರ್ಷ ಹ್ವಾನ್ ದೆ ರೋಬ್ಲೆಸ್ ಎಂಬ ಇನ್ನೊಬ್ಬ ಸನ್ಯಾಸಿ ಇದಕ್ಕೆ ಉತ್ತರ ಬರೆದನು. ಥಮೋರಾ ನಗರದಲ್ಲಿ ಪಟ್ಟಿಯ ಪದ್ಧತಿಯನ್ನು ನೆಲೆಗೊಳಿಸಿದವರಲ್ಲಿ ಅವನೊಬ್ಬನು. ನಿಂತು ಮಾಡಿಸಿ ಕಂಡವನು. ಬೀದಿಯಲ್ಲಿ ಗಟ್ಟಿಯಾಗಿ ಕೂಗುವವನಿಗೆ ದಾನವೆಲ್ಲ ಹೋಗುತ್ತದೆ, ಹಾಸಿಗೆಯಿಂದ ಏಳಲಾರದವನಿಗೆ ಏನು ಸಿಕ್ಕುತ್ತದೆ ಎಂದು ಅವನ ಪ್ರತಿವಾದ. ಸುಲಭವಾಗಿ ತಳ್ಳಿಬಿಡಬಹುದಾದ ಮಾತಲ್ಲ. ಈ ಇಬ್ಬರೂ ಹೇಳಿದ ಮೇಲೆ ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲದಲ್ಲಿ ಇದನ್ನು ಕುರಿತು ಹೊಸದಾಗಿ ಹೆಚ್ಚೇನನ್ನೂ ಯಾರೂ ಹೇಳಿಲ್ಲವೆಂದು ನನಗೆ ತೋರುತ್ತದೆ.

ಪಂಡಿತರ ವಾದ ಮುಗಿದ ಒಂಬತ್ತು ವರ್ಷಕ್ಕೆ, 1554ರಲ್ಲಿ, ಅದೇ ಸ್ಪೇನಿನಲ್ಲಿ ಒಂದು ಸಣ್ಣ ಕಥೆಯ ಪುಸ್ತಕ ಹೊರಬಂದಿತು. ಕರ್ತೃವಿನ ಹೆಸರಿಲ್ಲ. ‘ಲಾಸರಿಲ್ಯೊ ದೆ ತೋರ್ಮೆಸ್’ ಎಂದು ಅದರ ಹೆಸರು. ಲಾಸರೊ ಎಂಬ ತಂದೆಯಿಲ್ಲದ ಹುಡುಗನು ಕುರುಡ ಭಿಕ್ಷುಕನ ಕೈಹಿಡಿದು ನಡೆಸುವ ಕೆಲಸದಿಂದ ಬದುಕು ತೊಡಗಿ, ಒಬ್ಬ ಯಜಮಾನನಿಂದ ಇನ್ನೊಬ್ಬನಿಗೆ ಹೋಗುತ್ತ ತೊಲೆದೊ ನಗರದಲ್ಲಿ ಒಬ್ಬ ಕುಲೀನನ ಸೇವೆಗೆ ಸೇರುತ್ತಾನೆ. ಕತ್ತಿ, ನಿಲುವಂಗಿ, ಬಾಚಿದ ತಲೆ. ಯಜಮಾನನ ಠೀವಿಗೆ ಕೊರತೆಯಿಲ್ಲ. ಮನೆಯೊಳಗೆ ಮಾತ್ರ ಒಂದು ಕಾಳೂ ಇಲ್ಲ. ಕುಲೀನನು ಬೇಡುವಂತಿಲ್ಲ, ದುಡಿಯುವಂತೆಯೂ ಇಲ್ಲ. ಏನೂ ತಿನ್ನದೆ ಹಲ್ಲಿಗೆ ಕಡ್ಡಿ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುವನು, ಉಂಡೆನೆಂದು ನೆರೆಯವರು ತಿಳಿಯಲೆಂದು. ಹುಡುಗನೇ ಬೀದಿಯಲ್ಲಿ ತಿರಿದು ತಂದು ಯಜಮಾನನನ್ನು ಸಾಕುತ್ತಾನೆ. ಅಷ್ಟರಲ್ಲಿ ಬೆಳೆ ಕೆಟ್ಟಿತೆಂದು ನಗರಸಭೆಯು ಪರವೂರಿನ ಬಡವರೆಲ್ಲ ಊರು ಬಿಡಬೇಕೆಂದು ಸಾರಿಸುತ್ತದೆ. ಅವರನ್ನು ಚಾಟಿಯಿಂದ ಹೊಡೆಯುತ್ತ ಬೀದಿಯುದ್ದಕ್ಕೂ ನಡೆಸಿಕೊಂಡು ಹೋಗುವುದನ್ನು ಕಂಡು ಹುಡುಗನು ಮನೆ ಸೇರಿ ಅಡಗುತ್ತಾನೆ. ಆಮೇಲೆ ಆ ಮನೆಯಲ್ಲಿ ಇಬ್ಬರಿಗೂ ಉಪವಾಸ. ಸೋತೊ ಪುಟಗಟ್ಟಲೆ ವಾದಿಸಿದ ವಿಷಯವನ್ನು ಈ ಹುಡುಗನು ಹಸಿದ ಹೊಟ್ಟೆಯಿಂದ ನಗುನಗುತ್ತ ಹೇಳಿಬಿಡುತ್ತಾನೆ.

ಹೀಗೆ ಒಂದು ಕಡೆ ಪಟ್ಟಿ, ಇನ್ನೊಂದು ಕಡೆ ಬೇಡುವ ಹಕ್ಕು. ವಾದ ಇತ್ಯರ್ಥವಾಗದೆ ಉಳಿಯಿತು. ಇನ್ನು ಪಟ್ಟಿಯನ್ನೇ ರಾಜ್ಯದ ಕಾನೂನಾಗಿ ಮಾಡಿ 200 ವರ್ಷಕ್ಕೂ ಮೇಲ್ಪಟ್ಟು ನಡೆಸಿದ ದೇಶಕ್ಕೆ ಹೋಗೋಣ. ಅದು ಇಂಗ್ಲೆಂಡು.

ಅಲ್ಲಿಯ ಆರಂಭ ಭಯಂಕರವಾದದ್ದು. 1547ರ ಕಾನೂನಿನಂತೆ, ಕೆಲಸ ಮಾಡದೆ ಅಲೆಯುವವನ ಎದೆಯ ಮೇಲೆ ಕಾದ ಕಬ್ಬಿಣದಿಂದ ಒಂದು ಅಕ್ಷರವನ್ನು ಬರೆದು, ಅವನನ್ನು ಹಿಡಿದುಕೊಟ್ಟವನಿಗೆ ಎರಡು ವರ್ಷ ಗುಲಾಮನಾಗಿ ಒಪ್ಪಿಸಬೇಕು. ಓಡಿಹೋಗಿ ಸಿಕ್ಕಿಬಿದ್ದರೆ ಜೀವಾವಧಿ ಗುಲಾಮಗಿರಿ. ಕಾನೂನು ಮೂರು ವರ್ಷ ಬದುಕಿ 1550ರಲ್ಲಿ ರದ್ದಾಯಿತು. ಅದನ್ನು ನಡೆಸಲು ಊರುಗಳವರು ಮುಂದೆ ಬರಲಿಲ್ಲ. ಬರೆಯುವ ಕೈಗಿಂತ ನಡೆಸುವ ಕೈ ಒಮ್ಮೊಮ್ಮೆ ಮೆತ್ತಗಿರುತ್ತದೆ.

ಅದೇ ಕಾಲದಲ್ಲಿ ಕಪಟಭಿಕ್ಷುಕರ ಕಥೆಗಳು ಪೇಟೆಯಲ್ಲಿ ಬಿಸಿಬಿಸಿಯಾಗಿ ಮಾರಾಟವಾಗುತ್ತಿದ್ದವು. ಕೆಂಟ್ ಸೀಮೆಯ ಥಾಮಸ್ ಹಾರ್ಮನ್ ಎಂಬ ಗೃಹಸ್ಥನು 1560ರ ದಶಕದಲ್ಲಿ ಇಂಥದೊಂದು ಪುಸ್ತಕವನ್ನು ಬರೆದನು. ಬಾಯಲ್ಲಿ ಸಾಬೂನಿಟ್ಟುಕೊಂಡು ನೊರೆ ತಂದು ಮೂರ್ಛೆರೋಗ ನಟಿಸುವ ಒಬ್ಬನನ್ನು ತಾನೇ ಬೆನ್ನುಹತ್ತಿಸಿ ಹಿಡಿಸಿದೆನೆಂದೂ, ಅವನ ಬಳಿ ಒಂದೇ ದಿನದ ಗಳಿಕೆ 13 ಶಿಲಿಂಗಿಗೆ ಮೇಲ್ಪಟ್ಟು ಇತ್ತೆಂದೂ ಬರೆದಿದ್ದಾನೆ. ಜರ್ಮನಿಯಲ್ಲಿ ಇದಕ್ಕೂ ಹಿಂದೆ ಬಂದ ಇಂಥದೇ ಪುಸ್ತಕಕ್ಕೆ 1528ರಲ್ಲಿ ಲೂಥರನೇ ಮುನ್ನುಡಿ ಬರೆದಿದ್ದನು. ಓದುವವರಿಗೆ ಇವು ರಂಜನೆ. ಬಾಗಿಲಿಗೆ ಬರುವವನಿಗೆ ಮಾತ್ರ ಪ್ರತಿ ಪುಸ್ತಕವೂ ಒಂದು ಬಾಗಿಲನ್ನು ಮುಚ್ಚಿತು.

ಕಥೆಯನ್ನು ಬಿಟ್ಟು ಕಡತವನ್ನು ನೋಡಿದರೆ ಬೇರೆಯೇ ಲೋಕ ಕಾಣುತ್ತದೆ. ನೇಯ್ಗೆಯ ಪಟ್ಟಣವಾದ ನಾರಿಚ್‌ನಲ್ಲಿ 1570ರಲ್ಲಿ ಊರವರು ತಮ್ಮ ಬಡವರನ್ನೆಲ್ಲ ಎಣಿಸಿದರು. ಆ ಪುಸ್ತಕ ಉಳಿದಿದೆ. ಅದರಲ್ಲಿ ಮಕ್ಕಳೂ ಸೇರಿ ಸುಮಾರು 2300 ಜೀವಗಳಿವೆ. ಹೆಸರು, ವಯಸ್ಸು, ಕಸುಬು, ಯಾರ ಮನೆಯಲ್ಲಿ ವಾಸ, ಊರಿಗೆ ಬಂದು ಎಷ್ಟು ವರ್ಷ. ಶ್ರೋತೃಗಳೇ, ದುಡಿಯಬಲ್ಲೆಯಾ ಎಂಬ ಪ್ರಶ್ನೆಯನ್ನು ನೆನೆಯಿರಿ. ಸೋಮಾರಿಗಳನ್ನು ಹಿಡಿಯಲೆಂದು ಹೊರಟ ಆ ಪುಸ್ತಕದಲ್ಲಿ ತುಂಬಿರುವವರು ದುಡಿಯುವವರು. ಹೆಂಗಸರು ನೂಲುತ್ತಾರೆ. ಮಕ್ಕಳು ನೂಲುತ್ತಾರೆ. 80 ಮುಟ್ಟಿದ ವಿಧವೆಯರ ಕೈಯಲ್ಲಿಯೂ ನೂಲಿದೆ. ಕೆಲಸದ ವಯಸ್ಸು ದಾಟುತ್ತ ಬಂದಿದೆಯೆಂದಷ್ಟೇ ಬರೆದವನ ಷರಾ. ಎಲ್ಲರೂ ದುಡಿಯುತ್ತಿದ್ದಾರೆ, ಎಲ್ಲರೂ ಬಡವರು. ಕೇಳಿದ ಪ್ರಶ್ನೆಗೂ ದೊರೆತ ಉತ್ತರಕ್ಕೂ ಸಂಬಂಧವೇ ಇರಲಿಲ್ಲ. ಆದರೂ ಪ್ರಶ್ನೆಯನ್ನು ಯಾರೂ ಬದಲಾಯಿಸಲಿಲ್ಲ.

1590ರ ದಶಕದಲ್ಲಿ ಸಾಲುಸಾಲಾಗಿ ಬೆಳೆ ಕೆಟ್ಟಿತು. 1598ರಲ್ಲಿ, ಮತ್ತೆ 1601ರಲ್ಲಿ, ಎಲಿಜಬೆತ್ ರಾಣಿಯ ಪಾರ್ಲಿಮೆಂಟು ಬಡವರ ಕಾನೂನನ್ನು ಮಾಡಿತು. ಪ್ಯಾರಿಷ್, ಎಂದರೆ ಒಂದು ಇಗರ್ಜಿಯ ಎಲ್ಲೆಗೆ ಒಳಪಟ್ಟ ಊರು, ತನ್ನ ಬಡವರನ್ನು ತಾನೇ ನೋಡಿಕೊಳ್ಳಬೇಕು. ಅದಕ್ಕಾಗಿ ಉಳ್ಳವರಿಂದ ತೆರಿಗೆ ಎತ್ತಬೇಕು. ಅಂಥ ಊರುಗಳು ಸುಮಾರು 10 ಸಾವಿರ. ಹಸಿದವನಿಗೆ ಅನ್ನ ಹಾಕುವುದನ್ನು ದಾನವೆನ್ನದೆ ತೆರಿಗೆಯಾಗಿ ಮಾಡಿದುದು ಸಣ್ಣ ಸಂಗತಿಯಲ್ಲ. ಆ ಕಾನೂನಿನಿಂದ ಬದುಕಿದ ಮುದುಕಿಯರು, ಅನಾಥರು ಎಷ್ಟೋ ಮಂದಿ. ಆದರೆ ನಾಣ್ಯಕ್ಕೆ ಹಿಂಬದಿಯೂ ಉಂಟು. ತೆರಿಗೆ ತೆರುವವನಿಗೆ ಪ್ರತಿಯೊಂದು ಹೊಸ ಬಡಜೀವವೂ ತನ್ನ ಗಂಟಿನಿಂದ ಹೋಗುವ ಕಾಸು. 1662ರ ಕಾನೂನು, ನಾಳೆ ಊರಿನ ಮೇಲೆ ಹೊರೆಯಾಗಬಹುದಾದ ಹೊಸಬನನ್ನು ಅವನ ಮೂಲ ಊರಿಗೆ ಕಳುಹಿಸುವ ಅಧಿಕಾರ ಕೊಟ್ಟಿತು. ಮದುವೆಯ ಹೊರಗೆ ಹುಟ್ಟಿದ ಮಗು ಹುಟ್ಟಿದ ಊರಿಗೆ ಸೇರುವುದರಿಂದ, ಮದುವೆಯಿಲ್ಲದ ತುಂಬುಗರ್ಭಿಣಿಯರನ್ನು ಹೆರಿಗೆಗೆ ಮುಂಚೆ ಎಲ್ಲೆ ದಾಟಿಸಿಬಿಡಲು ಊರವರು ಅವಸರಪಡುತ್ತಿದ್ದರು. ಸುಂಕದಕಟ್ಟೆಯಲ್ಲಿ ಸರಕನ್ನು ತಡೆಯುವಂತೆ ಹುಟ್ಟಲಿರುವ ಮಗುವನ್ನು ತಡೆದರು.

1697ರಲ್ಲಿ ಇನ್ನೊಂದು ಹೆಜ್ಜೆ. ಊರಿನ ನೆರವು ಪಡೆಯುವವರೆಲ್ಲರೂ, ಹೆಂಡತಿ ಮಕ್ಕಳು ಸಹ, ಬಲತೋಳಿನ ಮೇಲೆ ಕೆಂಪು ಅಥವಾ ನೀಲಿ ಬಟ್ಟೆಯ ಬಿಲ್ಲೆಯನ್ನು ಹೊಲಿದುಕೊಳ್ಳಬೇಕೆಂದು ಕಟ್ಟಳೆಯಾಯಿತು. ಬಿಲ್ಲೆಯ ಮೇಲೆ ಎರಡು ಅಕ್ಷರ: ಬಡವನೆಂಬುದಕ್ಕೆ ಒಂದು, ಊರಿನ ಹೆಸರಿಗೆ ಇನ್ನೊಂದು. ತೊಡದವರಿಗೆ ನೆರವು ನಿಲ್ಲಬಹುದು, ಚಾಟಿಯೇಟೂ ಬೀಳಬಹುದು. ಆ ಶವಯಾತ್ರೆಯ ಹೊಸ ನಿಲುವಂಗಿಯನ್ನು ನೆನೆದುಕೊಳ್ಳಿ. ಅದೂ ದಾನದ ಬಟ್ಟೆ, ಇದೂ ದಾನದ ಬಟ್ಟೆ. ಅದನ್ನು ತೊಟ್ಟವನು ಸಿರಿವಂತನ ಪಕ್ಕದಲ್ಲಿ ದೀಪ ಹಿಡಿದು ನಡೆದ. ಇದನ್ನು ತೊಟ್ಟವಳು ಸಂತೆಗೆ ಹೋಗುವಾಗ ಶಾಲಿನ ಸೆರಗನ್ನು ತೋಳಿನ ಮೇಲೆ ಎಳೆದುಕೊಂಡಿದ್ದರೆ ಆಶ್ಚರ್ಯವಿಲ್ಲ.

ಪ್ರಶ್ನೆಯಾಯಿತು, ಪಟ್ಟಿಯಾಯಿತು, ಬಿಲ್ಲೆಯಾಯಿತು. ಉಳಿದದ್ದು ಗೋಡೆ. ಸಮಯವೂ ಹೆಚ್ಚಿಲ್ಲ, ಬೇಗ ಹೇಳಿ ಮುಗಿಸುತ್ತೇನೆ.

1596ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದವರು ಬರಿದಾದ ಒಂದು ಸನ್ಯಾಸಿನಿಯರ ಮಠದಲ್ಲಿ, ದುಡಿಯದವರನ್ನು ದುಡಿಸುವ ಮನೆಯೊಂದನ್ನು ತೆರೆದರು. ಬಾಗಿಲ ಮೇಲೆ ಕಲ್ಲಿನಲ್ಲಿ ಕಡೆದ ಚಿತ್ರ: ಕಾಡುಮೃಗಗಳನ್ನು ಹೂಡಿದ ಗಾಡಿ, ಚಾಟಿ ಬೀಸುವ ಸಾರಥಿ. ಒಳಗೆ ಇಬ್ಬಿಬ್ಬರು ಗರಗಸ ಹಿಡಿದು ಬ್ರೆಸಿಲ್ ಮರದ ದಿಮ್ಮಿಗಳನ್ನು ಪುಡಿ ಮಾಡಬೇಕು. ಆ ಕೆಂಪು ಪುಡಿಯಿಂದ ಬಣ್ಣ ತೆಗೆಯುವರು.  ಆ ಮನೆಯ ಗಂಡಸರು ಮೈಯೆಲ್ಲ ಕೆಂಪುಧೂಳಿಯಾಗಿ ಗರಗಸವೆಳೆಯುವುದನ್ನು ನೋಡಲು ಊರವರು ಕಾಸು ಕೊಟ್ಟು ಬರುತ್ತಿದ್ದರು. ಭಿಕ್ಷೆ ಕೊಡಬಾರದೆಂದ ಊರಿನಲ್ಲಿ ಭಿಕ್ಷುಕನನ್ನು ನೋಡಲು ಕಾಸು ಕೊಡಬಹುದಾಗಿತ್ತು.

ಪ್ಯಾರಿಸ್ಸಿನಲ್ಲಿ 1656ರ ರಾಜಾಜ್ಞೆಯಿಂದ ಹುಟ್ಟಿದ ಸಾರ್ವತ್ರಿಕ ಆಸ್ಪತ್ರೆ ಇದಕ್ಕಿಂತ ಬಹಳ ದೊಡ್ಡದು. ಆಸ್ಪತ್ರೆಯೆಂಬ ಹೆಸರಿನಿಂದ ಮೋಸಹೋಗಬೇಡಿ. ವೈದ್ಯಕ್ಕಿಂತ ಬಂಧನವೇ ಅಲ್ಲಿ ಮುಖ್ಯ. ಅದರ ಕಟ್ಟಡಗಳಲ್ಲೊಂದು ಮೊದಲು ಮದ್ದಿನ ಪೆಟ್ಲುಪ್ಪಿನ ಕಾರ್ಖಾನೆಯಾಗಿದ್ದು ಆ ಉಪ್ಪಿನ ಹೆಸರನ್ನೇ ಹೊತ್ತಿತ್ತು. ಕೆಲವೇ ವರ್ಷಗಳಲ್ಲಿ ಐದಾರು ಸಾವಿರ ಜನ ಒಳಗೆ ಸೇರಿದರು. ಮುದುಕರು, ಮಕ್ಕಳು, ಹುಚ್ಚರು, ಕೆಲಸವಿಲ್ಲದವರು. ಬೀದಿಯಲ್ಲಿ ಬೇಡುವವರನ್ನು ಹಿಡಿದು ತರಲು ಆಸ್ಪತ್ರೆಗೇ ಕಾವಲುಭಟರಿದ್ದರು. ಆದರೆ ಭಟರು ಭಿಕ್ಷುಕನ ಮೇಲೆ ಕೈಹಾಕಿದ ಕೂಡಲೇ ಪೇಟೆಯ ಜನ, ಕೂಲಿಗಳು, ಮನೆಯಾಳುಗಳು, ಸಿಪಾಯಿಗಳು ನುಗ್ಗಿ ಬಂದು ಅವನನ್ನು ಬಿಡಿಸಿಕೊಳ್ಳುತ್ತಿದ್ದುದು ಒಂದೆರಡು ಸಲವಲ್ಲ. ನಾಳೆ ತಮ್ಮ ಕೈಯೂ ಚಾಚಬೇಕಾದೀತೆಂದು ಅವರು ಬಲ್ಲರು.

ಕೊನೆಯದಾಗಿ ಒಬ್ಬ ಮನುಷ್ಯನ ಸಂಗತಿ. ಫ್ರಾನ್ಸಿನ ಅಮೆಟ್ ಎಂಬ ಹಳ್ಳಿಯಲ್ಲಿ 1748ರಲ್ಲಿ, 15 ಮಕ್ಕಳಲ್ಲಿ ಹಿರಿಯನಾಗಿ ಹುಟ್ಟಿದ ಬೆನೆಡಿಕ್ಟ್ ಲಾಬ್ರ್ ಸನ್ಯಾಸಿಯಾಗಬೇಕೆಂದು ಒಂದೊಂದು ಮಠಕ್ಕೂ ಹೋದನು. ಮಠದವರು ಅವನನ್ನು ನಿಲ್ಲಿಸಿಕೊಳ್ಳಲಿಲ್ಲ. ಕಡೆಗೆ ಹರಕು ಬಟ್ಟೆ, ಜಪಮಾಲೆಯೊಡನೆ ಯೂರೋಪಿನ ಪುಣ್ಯಕ್ಷೇತ್ರಗಳನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿ ರೋಮಿನಲ್ಲಿ ತಂಗಿದನು. ರಾತ್ರಿ ಕೊಲೊಸಿಯಮ್ಮಿನ ಪಾಳುಗೋಡೆಯ ಸಂದಿಯಲ್ಲಿ ಮಲಗುವನು. ಕೊಟ್ಟರೆ ತಿನ್ನುವನು; ಹೆಚ್ಚು ಕೊಟ್ಟರೆ ಇನ್ನೊಬ್ಬನಿಗೆ ಕೊಟ್ಟುಬಿಡುವನು. ನಾವು ಈವರೆಗೆ ಕೇಳಿದ ಮೂರು ಪ್ರಶ್ನೆಗಳನ್ನು ಇವನಿಗೆ ಹಾಕಿ ನೋಡಿ. ಎಲ್ಲಿಯವನು? ಪರದೇಶಿ. ದುಡಿಯಬಲ್ಲೆಯಾ? ಪ್ರಾಯದವನು, ಆದರೆ ಯಾವ ಕಸುಬನ್ನೂ ಹಿಡಿದವನಲ್ಲ. ನೀನು ಯಾರು? ತೋರಿಸಲು ಬಿಲ್ಲೆಯಿಲ್ಲ, ಯಾವ ಊರಿನ ಪಟ್ಟಿಯಲ್ಲಿಯೂ ಹೆಸರಿಲ್ಲ. ವಿವೆಸನಾಗಿದ್ದರೆ ದಾರಿಖರ್ಚು ಕೊಟ್ಟು ಕಳುಹಿಸುತ್ತಿದ್ದನು. ಪ್ಯಾರಿಸ್ಸಿನ ಭಟರು ಹಿಡಿದೊಯ್ಯುತ್ತಿದ್ದರು.

1783ರ ಏಪ್ರಿಲ್ ತಿಂಗಳು, ಈಸ್ಟರ್ ಹಬ್ಬಕ್ಕೆ ಮುಂಚಿನ ಪವಿತ್ರ ವಾರ. ಬುಧವಾರ ಒಂದು ಇಗರ್ಜಿಯ ಮೆಟ್ಟಿಲ ಬಳಿ ಲಾಬ್ರ್ ಕುಸಿದುಬಿದ್ದನು. ಹತ್ತಿರದ ಕಟುಕನೊಬ್ಬನು ಎತ್ತಿಸಿಕೊಂಡು ತನ್ನ ಮನೆಗೆ ಒಯ್ದನು. ಸಂಜೆಯಾಗುತ್ತಲೇ ಪ್ರಾಣ ಹೋಯಿತು. ಸಂತನು ಸತ್ತನೆಂದು ಬೀದಿಯ ಹುಡುಗರು ಕೂಗುತ್ತ ಓಡಿದರು. ಇಗರ್ಜಿಯಲ್ಲಿ ಹೆಣವನ್ನಿಟ್ಟ ಮೇಲೆ ಜನ ಎಷ್ಟು ನುಗ್ಗಿತೆಂದರೆ, ಭಿಕ್ಷುಕನ ಮೈಮೇಲಿನ ಚಿಂದಿಯ ಒಂದು ಎಳೆಯಾದರೂ ಸಿಕ್ಕೀತೆಂದು ಕೈಚಾಚಿದವರನ್ನು ತಡೆಯಲು ಸಿಪಾಯಿಗಳನ್ನು ಕರೆಸಬೇಕಾಯಿತು.